ಫರಶಿಯೊಳಗಿನ ಕುದುರೆ

ಸನ್ನತಿಯ ಉತ್ಖನನದ ಬಗ್ಗೆ ಹೊರಗಿನ ಪಂಡಿತರು ಬರೆದ ದಪ್ಪ ಪುಸ್ತಕಗಳಲ್ಲೆಲ್ಲ ಸಿದ್ದಲಿಂಗೇಶ ಇದ್ದ. ಅವನ ಹೆಸರು ಮಾತ್ರ ಇರಲಿಲ್ಲ. ‘ಸ್ಥಳೀಯ ಅಧ್ಯಾಪಕರೊಬ್ಬರ ನೆರವಿನಿಂದ’ ಎಂಬಷ್ಟಕ್ಕೆ ಅವನ ಪಾಲು ಮುಗಿಯುತ್ತಿತ್ತು. ಶಹಾಬಾದಿನ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಿದ್ದ ಅವನು ರಜೆಗಳನ್ನೆಲ್ಲ ಆ ಉತ್ಖನನ ನಡೆಯುತ್ತಿದ್ದ ಭೀಮಾ ದಂಡೆಯಲ್ಲಿ ಕಳೆದಿದ್ದ. ಪಂಡಿತರಿಗೆ ಬಿಸಿಲಲ್ಲಿ ಕೊಡೆ ಹಿಡಿದಿದ್ದ, ಹಳ್ಳಿಯವರ ಮಾತನ್ನು ಬಿಡಿಸಿ ಹೇಳಿದ್ದ, ಒಬ್ಬರ ಹೊಟ್ಟೆನೋವಿಗೆ ಅಜವಾನದ ಕಷಾಯ ಕಾಯಿಸಿಯೂ ಕೊಟ್ಟಿದ್ದ. ಕಳೆದ ವರ್ಷ ಬಂದ ಪುಸ್ತಕದಲ್ಲಿ ಆ ‘ಸ್ಥಳೀಯ ಅಧ್ಯಾಪಕರೊಬ್ಬರು’ ಕೂಡ ಬಿಟ್ಟುಹೋಗಿದ್ದರು. ಜೀಪಿನ ಡ್ರೈವರನಿಗೆ ಕೃತಜ್ಞತೆ ಇತ್ತು, ಹೆಸರು ಸಮೇತ.

ಅದನ್ನು ಓದಿದ ವಾರವೇ ಅವನು ಸೇಡಂಗೆ ಶಿವಕಾಂತಮ್ಮನ ಮನೆಗೆ ಹೋದ. ಅವನು ಅಲ್ಲಿಗೆ ಹೊಸಬನಲ್ಲ. ಆಕೆಯ ಗಂಡ ಭಾಗಣ್ಣ ಭೂವಿಜ್ಞಾನಿಯಾಗಿದ್ದವರು. ಅವರು ತೀರಿಕೊಂಡ ಮೇಲೂ ಸಿದ್ದಲಿಂಗೇಶ ಆಗಾಗ ಹೋಗಿ ಆ ಹಿರಿಯಳನ್ನು ಮಾತಾಡಿಸಿ ಬರುತ್ತಿದ್ದ. ಪಡಸಾಲೆಯ ಗಾಜಿನ ಕಪಾಟಿನಲ್ಲಿ, ಭಾಗಣ್ಣ ಪ್ರಾಯದಲ್ಲಿ ನರ್ಮದಾ ಕಣಿವೆಯಿಂದ ತಂದ ದವಡೆಯ ತುಂಡೊಂದಿತ್ತು. ಎಲುಬು ಕಲ್ಲಾಗಿ ಹೋಗಿತ್ತು. ಅದರಲ್ಲಿ ದೊಡ್ಡ ಹಲ್ಲುಗಳು ಸಾಲಾಗಿ ಕುಳಿತಿದ್ದವು. ಇವತ್ತಿನ ಕುದುರೆಯ ಹಳೆಯ ಬಳಗಕ್ಕೆ ಸೇರಿದ ಈಕ್ವಸ್ ನಮಾಡಿಕಸ್ ಎಂಬ ಪ್ರಾಣಿಯದು. ಮನುಷ್ಯ ಊರು ಕಟ್ಟುವ ಮೊದಲೇ ಅಳಿದುಹೋದ, ಗಟ್ಟಿ ಮೈಯ ದೊಡ್ಡ ಪ್ರಾಣಿ. ಸಿದ್ದಲಿಂಗೇಶ ಅದನ್ನು ಎಷ್ಟೋ ಸಲ ನೋಡಿದ್ದ. ಅಂದು ಮಾತ್ರ, ಇಂಥದ್ದು ನಮ್ಮ ಕಡೆ ಸಿಕ್ಕಿದ್ದರೆ ಎಂದುಕೊಂಡ. ಬಸ್ಸು ಶಹಾಬಾದ್ ಮುಟ್ಟುವಷ್ಟರಲ್ಲಿ, ಸಿಗಬೇಕಾದ ಜಾಗವನ್ನೂ ಗೊತ್ತು ಮಾಡಿದ್ದ.

ಅವಸರ ಮಾಡುವವರೇ ಸಿಕ್ಕಿಬೀಳುತ್ತಾರೆ ಎಂದು ಅವನಿಗೆ ಗೊತ್ತಿತ್ತು. ಮೊದಲು ವಾಡಿಗೆ ಹೋಗಿ, ಹಿಂದೆ ಟಾಂಗಾ ಹೊಡೆಯುತ್ತಿದ್ದ ಹಾಜಿಸಾಬನನ್ನು ಕಂಡ. ಅವನ ಹೆಣ್ಣುಕುದುರೆ ಸತ್ತು ವರ್ಷಗಳಾಗಿದ್ದವು. ಎಲುಬು ಹೊಲದ ಬದುವಿನಲ್ಲಿ ಬಿದ್ದಿತ್ತು.

“ಹುಡುಗೂರಿಗೆ ತೋರ್ಸಾಕ ಬೇಕಾಗ್ಯದ, ಹಾಜಿಸಾಬ.”

“ಒಯ್ರಿ ಸರ್. ಜೀವ ಇದ್ದಾಗ ಭಾಳ ದುಡಿದಾಳ. ಈಗ ಸಾಲಿಗಾದ್ರೂ ಹೋಗ್ಲಿ,” ಎಂದ ಹಾಜಿಸಾಬ.

ಆ ಹೆಣ್ಣುಕುದುರೆಯ ದವಡೆಯನ್ನು ಸಿದ್ದಲಿಂಗೇಶ ತುಂಡು ಮಾಡಿ, ಚಹಾದ ಡಿಕಾಕ್ಷನ್ನಿನಲ್ಲಿ ನೆನೆಸಿಟ್ಟು, ಕಂದು ಬಣ್ಣ ಹಿಡಿದ ಮೇಲೆ ಹೊಳೆಯ ಮಣ್ಣು ತಿಕ್ಕಿದ. ಗಾಜಿನಾಚೆಯಿಂದ ನೋಡುವವರಿಗೆ ಅಷ್ಟು ಸಾಕು. ಶಿವಕಾಂತಮ್ಮ ಗಾಜನ್ನು ಒರೆಸುತ್ತಿದ್ದಳೇ ಹೊರತು ಒಳಗಿನದನ್ನು ಮುಟ್ಟುತ್ತಿರಲಿಲ್ಲ. ಗಂಡ ಇಟ್ಟ ಹಾಗೇ ಇರಲಿ ಎಂಬುದು ಆಕೆಯ ಆಸೆ. ಇದನ್ನೂ ಅವನು ಲೆಕ್ಕಕ್ಕೆ ಹಿಡಿದಿದ್ದ. ಬಣ್ಣ ಹಿಡಿದ ತುಂಡನ್ನು ಚೀಲದಲ್ಲಿಟ್ಟುಕೊಂಡು ಮತ್ತೆ ಸೇಡಂಗೆ ಆಕೆಯ ಮನೆಗೆ ಹೋದ.

“ಕುಂದ್ರಪಾ, ಚಾ ಇಟ್ಟು ಬರ್ತೀನಿ. ಸೊರಗೀದಿ ನೋಡು. ಹೊತ್ತಿಗ್ ಸರಿ ಉಣ್ಣಂಗಿಲ್ಲೇನು?”

“ಕೆಲಸ ಭಾಳ ಆಗ್ಯದ್ರಿ ಅಮ್ಮಾ.”

ಆಕೆ ಒಳಗೆ ಹೋದಳು. ಹಾಲು ಉಕ್ಕುವ ಮೊದಲೇ ಟಾಂಗಾದ ಕುದುರೆ ಕಪಾಟಿನಲ್ಲಿತ್ತು, ನರ್ಮದಾದ ಕುದುರೆ ಅವನ ಚೀಲದಲ್ಲಿತ್ತು. ಚಹಾಕ್ಕೆ ಸಕ್ಕರೆ ಸ್ವಲ್ಪ ಜಾಸ್ತಿಯಾಗಿತ್ತು, ಅವನು ಹೇಳಲಿಲ್ಲ. ಮನಸ್ಸು ಚುಚ್ಚದೆ ಇರಲಿಲ್ಲ. ಆದರೆ ಆ ದವಡೆಗೆ ಅಲ್ಲಿ ಧೂಳಲ್ಲದೆ ಇನ್ನೇನು ಸಿಗುತ್ತಿತ್ತು? ತಾನು ಅದಕ್ಕೊಂದು ಚರಿತ್ರೆ ಕೊಡುತ್ತಿದ್ದೇನೆ ಎಂದು ಬಸ್ಸಿನಲ್ಲಿ ಸಮಾಧಾನ ಹೇಳಿಕೊಂಡ.

ಹೊಳೆದಂಡೆಯ ಗರಸು ಮಣ್ಣಿನಲ್ಲಿ ಹುಗಿದಿಟ್ಟು ತೆಗೆಯುವುದು ಸುಲಭವಿತ್ತು. ಆದರೆ ಅಲ್ಲಿ ಸಿಕ್ಕಿದ್ದನ್ನು ನೀರು ತಂದದ್ದು ಎನ್ನಬಹುದು, ಯಾರೋ ಬಿಸಾಡಿದ್ದು ಎನ್ನಬಹುದು. ಕಲ್ಲಿನೊಳಗೆ ಸಿಕ್ಕರೆ ಯಾರೂ ತುಟಿ ಬಿಚ್ಚುವಂತಿಲ್ಲ. ಚಿತ್ತಾಪುರ ರಸ್ತೆಯಲ್ಲಿ ಅವನ ಹೆಂಡತಿಯ ಅಣ್ಣನ ಫರಶಿ ಖಣಿ ಇತ್ತು, ನೆಲಕ್ಕೆ ಹಾಸುವ ಕಲ್ಲು ತೆಗೆಯುವಂಥದ್ದು. ಭಾನುವಾರ ಅಲ್ಲಿ ಕೆಲಸ ಇರುತ್ತಿರಲಿಲ್ಲ. ಶಹಾಬಾದ್ ಕಲ್ಲು ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಪದರಾಗಿರುತ್ತದೆ. ಒಂದು ಪದರನ್ನು ಎಬ್ಬಿಸಿ, ಕೆಳಗಿನ ದಪ್ಪ ಪದರಿನಲ್ಲಿ ಉಳಿಯಿಂದ ಗುಳಿ ತೋಡಿ, ದವಡೆಯನ್ನು ಹಲ್ಲು ಮೇಲಾಗಿ ಕೂರಿಸಿ, ಅದೇ ಕಲ್ಲಿನ ಪುಡಿಗೆ ಅಂಟು ಬೆರೆಸಿ ಸುತ್ತ ತುಂಬಿದ. ಎಬ್ಬಿಸಿದ ಪದರನ್ನು ಮತ್ತೆ ಮುಚ್ಚಿದ. ಮಳೆಗಾಲವೊಂದು ಅದರ ಮೇಲೆ ಹಾದುಹೋಗಲು ಬಿಟ್ಟ. ಆ ತಾಳ್ಮೆಯ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು.

ಮಳೆ ಹಿಂದಾದ ಮೇಲೆ, ಕಾಲೇಜಿನ ಕಟ್ಟೆಗೆ ಕಲ್ಲು ಬೇಕೆಂದು ಖಣಿಗೆ ಹೋಗಿ, ಕಲ್ಲು ಸೀಳುವ ಮಶಾಕನಿಗೆ ಜಾಗ ತೋರಿಸಿದ. ಪದರು ಎದ್ದಿತು. ಮಶಾಕ ಬಗ್ಗಿ ನೋಡಿ, ಸುತ್ತಿಗೆ ಕೆಳಗಿಟ್ಟ.

“ಸರ್, ಕಲ್ಲಾಗ ಹಲ್ಲ ಕಾಣ್ಲಿಕತ್ತಾವ್ರಿ.”

“ಏ, ಮುಟ್ಟಬ್ಯಾಡ,” ಎಂದ ಸಿದ್ದಲಿಂಗೇಶ. ದನಿ ನಡುಗಿತು. ಅಷ್ಟು ಚೆನ್ನಾಗಿ ನಡುಗುತ್ತದೆಂದು ಅವನೇ ಅಂದುಕೊಂಡಿರಲಿಲ್ಲ.

ಹಲ್ಲುಗಳನ್ನಷ್ಟೇ ಹತ್ತಿರದಿಂದ ಫೋಟೋ ತೆಗೆದು ಪುಣೆಯಲ್ಲಿದ್ದ ಶೈಲಶ್ರೀಗೆ ಕಳಿಸಿದ. ಆಕೆ ಚಿಂಚೋಳಿ ಪಕ್ಕದ ಚಂದಾಪುರದವಳು. ಅಳಿದ ಪ್ರಾಣಿಗಳ ಎಲುಬಿನ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಆಕೆ ಖುದ್ದಾಗಿ ಬಂದು ನೋಡುವ ದಿನವೇ ಕಾಲೇಜು ಸನ್ಮಾನ ಸಮಾರಂಭ ಇಟ್ಟಿತು. ಅಲ್ಲಿ ಸಿದ್ದಲಿಂಗೇಶ ತನ್ನ ಯೋಜನೆಯಲ್ಲೇ ಸೊಗಸಾದ ಭಾಗವೆಂದು ತಿಳಿದದ್ದನ್ನು ಮಾಡಿದ. ಶಿವಕಾಂತಮ್ಮನನ್ನು ಕಾರಿನಲ್ಲಿ ಕರೆಸಿ, ಖಣಿಯಿಂದ ತಂದಿಟ್ಟಿದ್ದ ಫರಶಿಯ ಪಕ್ಕ ವೇದಿಕೆಯ ಮೇಲೆ ಕೂರಿಸಿದ. ಈ ಶೋಧ ಭಾಗಣ್ಣನವರ ನೆನಪಿಗೆ ಎಂದು ಸಾರಿದ. ಕದ್ದವನು ಕಳಕೊಂಡವಳಿಗೆ ಶಾಲು ಹೊದಿಸುತ್ತಾನೆಂದು ಯಾರು ಊಹಿಸಿಯಾರು? ಆಕೆಯ ಕಣ್ಣಿಗೆ ಪೊರೆ ಬಂದಿತ್ತು. ಕಲ್ಲಿನಲ್ಲಿ ಅರ್ಧ ಮುಳುಗಿದ ದವಡೆಯ ಗುರುತು ಹತ್ತುವಂತಿರಲಿಲ್ಲ. ಹಾರ ಹಾಕಿಸಿಕೊಳ್ಳುವಾಗ ನಿರೂಪಕ ಅವನ ಹೆಸರನ್ನು ಪೂರ್ತಿಯಾಗಿ, ತಂದೆಯ ಹೆಸರು ಸಮೇತ ಕರೆದ. ಅವನ ಕಣ್ಣಲ್ಲಿ ನಿಜವಾಗಿಯೇ ನೀರು ಬಂತು.

ಸಭೆಗೆ ತುಸು ತಡವಾಗಿ ಬಂದ ಶೈಲಶ್ರೀ ನೇರ ವೇದಿಕೆ ಹತ್ತಿ, ಹಲ್ಲಿನ ಸಾಲಿನ ಮೇಲೆ ಭೂತಗನ್ನಡಿ ಹಿಡಿದು ಬಗ್ಗಿದಳು. ಹಲ್ಲಿನ ಮಡಿಕೆಗಳನ್ನು ಬಿಟ್ಟು ಆಕೆಗೆ ಬೇರೇನೂ ಕಾಣುತ್ತಿರಲಿಲ್ಲ.

“ಇದು ಖರೇ ನಮಾಡಿಕಸ್ ಅದ,” ಎಂದಳು ಮೈಕಿನಲ್ಲಿ. “ಸರ್, ಎಲ್ಲಿ ಇತ್ರಿ ಇದು?”

“ಈ ಫರಶಿ ಒಳಗೇ ಇತ್ತು. ಪದರು ಬಿಚ್ಚಿಸಿದಾವ ನಾನೇ. ನನ್ನ ಕಣ್ಣಾರೆ ನೋಡೀನಿ,” ಎಂದ ಸಿದ್ದಲಿಂಗೇಶ. ಇದನ್ನು ಅವನು ಪತ್ರಿಕೆಯವರಿಗೂ ಹೇಳಿದ್ದ, ಕ್ಯಾಮೆರಾದ ಮುಂದೆಯೂ ಹೇಳಿದ್ದ.

ಕೊನೆಗೆ ಶಿವಕಾಂತಮ್ಮನ ಕೈಗೆ ಮೈಕು ಕೊಟ್ಟರು. “ನನಗ ಭಾಷಣ ಬರಂಗಿಲ್ರಿ,” ಎಂದಳು ಆಕೆ. “ನಮ್ಮ ಮನ್ಯಾವ್ರು ಒಂದ್ ಮಾತ ಯಾವಾಗ್ಲೂ ಹೇಳ್ತಿದ್ರು. ಈ ಶಹಾಬಾದ್ ಕಲ್ಲು ಆಗಿದ್ದು ಐವತ್ತು ಕೋಟಿ ವರ್ಷಕ್ಕೂ ಹಿಂದಂತ. ಆವಾಗ ಕುದುರಿ ಒತ್ತಟ್ಟಿಗಿರ್ಲಿ, ಎಲುಬಿದ್ದ ಒಂದ್ ಜೀವಾನೂ ಭೂಮಿ ಮ್ಯಾಲ ಇದ್ದಿಲ್ಲಂತ. ಈ ಕಲ್ಲಾಗ ಎಷ್ಟ್ ಹುಡುಕಿದ್ರೂ ಒಂದ್ ಮೀನಿನ ಮುಳ್ಳ ಸುದ್ದಾ ಸಿಗಂಗಿಲ್ಲ ಅಂತಿದ್ರು. ನಮ್ಮ ಸಿದ್ದಲಿಂಗೇಶ ಅವ್ರ ಮಾತ ಸುಳ್ಳ ಮಾಡಿ ತೋರ್ಸ್ಯಾನ. ಅವ್ರಿದ್ದಿದ್ರ ಭಾಳ ಖುಷಿ ಪಡ್ತಿದ್ರು.” ಸಭೆ ಚಪ್ಪಾಳೆ ತಟ್ಟಿತು, ಸಿದ್ದಲಿಂಗೇಶನ ಕೈಗಳು ಮಾತ್ರ ಮುಗಿದಲ್ಲೇ ನಿಂತವು. ಶೈಲಶ್ರೀಯ ಭೂತಗನ್ನಡಿ ಹಲ್ಲಿನಿಂದ ಮೆಲ್ಲಗೆ ಕಲ್ಲಿಗೆ ಸರಿಯಿತು. ಎಲುಬೂ ಕಲ್ಲೂ ಕೂಡುವ ಅಂಚಿನಲ್ಲಿ ಆಕೆ ಉಗುರಿನಿಂದ ಕೆರೆದು, ಉದುರಿದ ಪುಡಿಯನ್ನು ಬೆರಳುಗಳ ನಡುವೆ ತಿಕ್ಕಿದಳು. ಆಮೇಲೆ ಶಿವಕಾಂತಮ್ಮನ ಕಡೆ ಬಾಗಿ ಮೆಲುದನಿಯಲ್ಲಿ ಕೇಳಿದಳು: “ಅಮ್ಮಾ, ಭಾಗಣ್ಣ ಸರ್ ನರ್ಮದಾದಿಂದ ಒಂದ್ ದವಡಿ ತಂದಿದ್ರಂತ ಕೇಳೀನಿ. ಮನ್ಯಾಗ ಅದ ಏನ್ರಿ?” “ಅದ ಯವ್ವಾ, ಎಲ್ಲಿ ಹೋಗ್ತದ? ಇವತ್ತೇ ಬಾ,” ಎಂದಳು ಶಿವಕಾಂತಮ್ಮ, “ಕೈಯಾಗ ಹಿಡದು ನೋಡಂತಿ.”