ಎಡೆಯ ಕೇಕಿನ ಮುರಿದ ಅಂಚು

ದೇವಿಕಾ ತೀರಿಕೊಂಡು ಅಂದಿಗೆ ಒಂದು ವರುಷ. ಶಹಾಪುರದ ಆ ಮನೆಯಲ್ಲಿ ಅವಳ ಎಡೆಗೆಂದು ಸೊಸೆ ಉಮಾಶ್ರೀ ಮಾಡಿಟ್ಟಿದ್ದ ಕೇಕಿನ ಅಂಚನ್ನು ಯಾರೋ ಮುರಿದು ತಿಂದಿದ್ದರು.

"ಹನ್ನೆರಡಕ್ಕ ಗುರುಗಳು ಬರ್ತಾರ. ಎಂಜಲಾದದ್ದು ಎಡಿಗಿ ಇಡಲೇನು?" ಉಮಾಶ್ರೀ ಅಡುಗೆಯ ಮಲ್ಲಾಬಾಯಿಯ ಮೇಲೆ ಹರಿಹಾಯ್ದಳು. "ಅಡಗಿಮನ್ಯಾಗ ಇದ್ದಾಕಿ ನೀ ಒಬ್ಬಾಕಿನ!"

"ನಾ ಮುಟ್ಟಿಲ್ರೀ ಅಕ್ಕಾರ. ಹನ್ನೆರಡು ವರ್ಷದಾಗ ಇಲ್ಲಿ ಒಂದು ಹಳ್ಳು ಬೆಲ್ಲ ಕೇಳದ ಬಾಯಾಗ ಹಾಕ್ಕೊಂಡಿಲ್ಲ. ಕಳ್ಳಿ ಅನ್ನಿಸ್ಕೊಂಡು ನಾಳಿಗಿ ಯಾರ ಮನಿ ಬಾಗಲಾ ತುಳೀಲಿ?" ಮಲ್ಲಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ದೇವಿಕಾಳ ಗಂಡ ಶಿವರಾಜಪ್ಪ ಬಲಗೈಯನ್ನು ಶಲ್ಯದಲ್ಲಿ ಸುತ್ತಿಕೊಂಡು ಕಂಬಕ್ಕೆ ಒರಗಿದ್ದರು. ಹಣೆಯ ಮೇಲೆ ಎರಡು ಗೆರೆ ವಿಭೂತಿ. ಮಲ್ಲಾಬಾಯಿಯ ಕಡೆ ನೋಡದೆ ಅಂಗಳದತ್ತ ಮುಖ ತಿರುಗಿಸಿದರು.

ಅವರ ಅಕ್ಕ ಗೊಲ್ಲಾಳಮ್ಮ ಅದೇ ಮನೆಯಲ್ಲಿದ್ದರು. ಓಣಿಯ ಜನ ಆಕೆಯನ್ನು ಸಿಐಡಿ ಅವ್ವ ಎನ್ನುತ್ತಿದ್ದರು. ಯಾರ ಕೋಳಿ ಕಳೆದರೂ, ಓಲೆ ಕಳೆದರೂ ಮುಂದೆ ಅಕ್ಕ, ಹಿಂದೆ ಕೊಡೆ ಹಿಡಿದ ತಮ್ಮ.

"ನಡಿ ತಮ್ಮಾ. ಇವತ್ತು ಮನಿಯಾಗಿನ ಕೇಸು, ಕೊಡಿ ಬ್ಯಾಡ" ಎಂದರು ಗೊಲ್ಲಾಳಮ್ಮ. ಶಿವರಾಜಪ್ಪ ಕಂಬ ಬಿಟ್ಟು ಬರಲಿಲ್ಲ.

"ಹೆಂಗ ಮಾಡಿದಿ, ಉಮಾ?" ಗೊಲ್ಲಾಳಮ್ಮ ಕೇಳಿದರು.

"ಅತ್ತಿ ಮಾಡಿದಂಗರೀ. ಬಾಳಿಹಣ್ಣು ಹಿಸುಕಿ, ಮೆಕ್ಕಿಜ್ವಾಳದ ಹಿಟ್ಟು, ಬೆಲ್ಲ, ತುಪ್ಪ, ಚೂರು ಸೋಡಾ. ಕುಕ್ಕರಿನ್ಯಾಗ ಉಪ್ಪು ಹರವಿ, ಸೀಟಿ ತೆಗೆದು ಬೇಸಿದೆ. ಎಂಟೂವರಿಗಿ ಇಳಿಸಿ, ತಾಟು ಮುಚ್ಚಿ, ಜಳಕಕ್ಕ ಹೋದೆ."

"ಮಲ್ಲವ್ವ, ನೀ ಬಂದದ್ದು?"

"ಹತ್ತಕ್ಕರೀ. ನಮ್ಮೂರು ಗೋಗಿಯಿಂದ ಬರೂ ಆಟೋ, ಮಂದಿ ತುಂಬೂತನ ಬಿಡಲಿಲ್ಲ."

ಗೊಲ್ಲಾಳಮ್ಮ ಬಗ್ಗಿ ಮುರಿದ ಅಂಚನ್ನು ನೋಡಿದರು. ಆಚೆ ಬದಿಯಲ್ಲಿ ತಾವೇ ಒಂದು ತುಂಡು ಮುರಿದರು. ಆಮೇಲೆ ತಮ್ಮನ ಹಣೆಯನ್ನು ನೋಡಿದರು. ಶಿವರಾಜಪ್ಪ ತಲೆ ತಗ್ಗಿಸಿದರು.

ಎಲ್ಲರನ್ನೂ ಪಡಸಾಲೆಯಲ್ಲಿ ಕೂಡಿಸಿ ಗೊಲ್ಲಾಳಮ್ಮ ಮೆಲ್ಲಗೆ ಹೇಳತೊಡಗಿದರು.

"ನಾ ಈಗ ಮುರಿದದ್ದು ಇಡೀ ತುಂಡು ಬಂತು. ಆ ಕಡಿ ಪುಡಿಪುಡಿ ಉದರಿ, ತಳಕ್ಕ ಅಂಟಿ ಒಣಗೇದ. ಸುಡೂಮುಂದ ಮುರಿದ್ರನ ಹಂಗಾಗೂದು. ಮಲ್ಲವ್ವ ಬರೂದ್ರಾಗ ಅದು ಆರಿತ್ತು, ಆಕಿ ಅಲ್ಲ. ಉಮಾ ಜಳಕದಾಗ. ಆಕಿ ಗಂಡ ಗುರುಗಳನ್ನ ಕರ್ಕೊಂಡು ಬರಾಕ ನಸುಕಿನ್ಯಾಗ ಭೀಮರಾಯನಗುಡಿಗಿ ಹೋಗ್ಯಾನ. ಉಳಿದವ್ರು ಇಬ್ರು. ಸುಡೂದು ಮುರಿದವ್ರ ಬಟ್ಟು ಸುಟ್ಟಿರಬೇಕು. ನನ್ನ ಕೈ ನೋಡ್ರಿ." ಎರಡೂ ಅಂಗೈ ಚಾಚಿದರು. "ಇನ್ನ ಮೂರು ಬಟ್ಟಿನ್ಯಾಗ ವಿಭೂತಿ ಹಚ್ಚೂ ಮನಷ್ಯಾನ ಹಣಿಮ್ಯಾಲ ಇವತ್ತು ಎರಡ ಗೆರಿ ಯಾಕ ಅದಾವ?"

ಶಿವರಾಜಪ್ಪ ಶಲ್ಯ ಬಿಚ್ಚಿದರು. ತೋರುಬೆರಳಿನ ತುದಿಯಲ್ಲಿ ಬೊಬ್ಬೆ ಎದ್ದಿತ್ತು.

"ದೇವಿಕಾ ಇಳಿಸಿದ ಕೂಡ್ಲೆ ಅಂಚು ಮುರಿದು ಕೊಡ್ತಿದ್ಳು, ಸಿಹಿ ನೋಡ್ರಿ ಅಂತ. ಅದ ವಾಸನಿ ಬಂತು. ಎಡಿದು ಅನ್ನೂದು ಬಾಯಾಗ ಇಟ್ಟಮ್ಯಾಲ ನೆನಪಾತು."

"ತಿಂದದ್ದನ್ನ ಶಿವ ಹೊಟ್ಯಾಗ ಹಾಕ್ಕೋತಾನ," ಎಂದರು ಅಕ್ಕ. "ಈಕಿ ಅಳೂಮುಂದ ಸುಮ್ಮ ನಿಂತಿಯಲ್ಲಾ, ಅದನ್ನ ಯಾರು ಹಾಕ್ಕೋಬೇಕು?"

ಉಮಾಶ್ರೀ ಹೊಸ ಕೇಕಿಗೆಂದು ಮತ್ತೆ ಬಾಳೆಹಣ್ಣು ಸುಲಿದಳು. ಮಲ್ಲಾಬಾಯಿ ಹಿಟ್ಟು ಸಾಣಿಸಿದಳು.

ಪೂಜೆ ಮುಗಿದ ಮೇಲೆ ಶಿವರಾಜಪ್ಪ ಪ್ರಸಾದದ ಮೊದಲ ತುಂಡನ್ನು ಎರಡೂ ಕೈಯಲ್ಲಿ ಹಿಡಿದು, ಗುರುಗಳ ಎದುರಿಗೇ ಮಲ್ಲಾಬಾಯಿಯ ಮುಂದೆ ನಿಂತರು.

"ತಪ್ಪಾತವ್ವ."

ಮಲ್ಲಾಬಾಯಿ ಪ್ರಸಾದವನ್ನು ಕಣ್ಣಿಗೊತ್ತಿಕೊಂಡಳು. ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡಳು. ಆ ಮನೆಯಲ್ಲಿ ತಿನ್ನಲಿಲ್ಲ.