ಕುರ್ಚಿ ಅಡ್ಡ ಇಟ್ಟ ಬಾಗಿಲು

“ಪಾಕ್ ಹರ್ಯೊ! ಹೋಗೋಕ್ಮುಂಚೆ ನಿಮ್ಮನ್ನ ಒಂದ್ ಮಾತು ಕೇಳ್ಬೇಕು!”

ಬಾಗಿಲು ಮುಚ್ಚದಂತೆ ಅಡ್ಡ ಇಟ್ಟಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಕಾಲಲ್ಲಿ ತಳ್ಳಿ ಕಿನಾಸಿಹ್ ಸರ್ವರ್ ಕೋಣೆಗೆ ನುಗ್ಗಿದಳು.

“ಅಯ್ಯೋ, ಕುರ್ಚಿ...!”

ಹರ್ಯೊ ಓಡಿ ಬರುವಷ್ಟರಲ್ಲಿ ಬಾಗಿಲು ಟಕ್ ಎಂದು ಮುಚ್ಚಿಕೊಂಡಿತು.

“ಏನೀಗ? ತೆಗೀರಿ.”

“ಆಗಲ್ಲ. ಬೀಗ ತೆಗಿಯೋದೇ ಈ ಸರ್ವರ್. ಈಗಷ್ಟೇ ರೀಸ್ಟಾರ್ಟ್ ಕೊಟ್ಟೆ. ಬಾಗಿಲು ತೆಗಿಯೋ ಒಳಗಿನ ಗುಂಡಿ ಕೆಟ್ಟಿದೆ, ಅದಕ್ಕೇ ಕುರ್ಚಿ ಇಟ್ಟಿದ್ದು!”

ಅವಳು ಬಾಗಿಲು ಬಡಿದಳು. ಯಾರು ಕೇಳಬೇಕು? ಶುಕ್ರವಾರದ ಮಧ್ಯಾಹ್ನ, ಸೆಮರಾಂಗ್ ನಗರದ ಆ ಆಸ್ಪತ್ರೆಯ ಕಚೇರಿಯವರೆಲ್ಲ ಮಸೀದಿಗೆ ಹೋಗಿದ್ದರು. ಚರ್ಚಿನವರಾದ ಇವರಿಬ್ಬರೇ ಉಳಿದಿದ್ದು.

ಪ್ರಾರ್ಥನೆ ಮುಗಿದೊಡನೆ ಸೋಲೊ ಊರಿನ ಶಾಖೆಗೆ ವ್ಯಾನು ಹೊರಡುತ್ತದೆ, ಅವಳನ್ನು ಕರೆದುಕೊಂಡು. ವರ್ಗ ಅವಳೇ ಕೇಳಿ ಪಡೆದದ್ದು, ಈ ಮನುಷ್ಯನ ಮುಖ ನೋಡದಿದ್ದರೆ ಸಾಕೆಂದು. ಹಾಗಾದರೆ ಕೊನೇ ಗಳಿಗೆಯಲ್ಲಿ ಇಲ್ಲಿಗೇಕೆ ಬಂದೆ? ಮನಸ್ಸು ಕೇಳಿತು.

ಕಿಟಕಿಯಿಲ್ಲದ ಗೂಡು. ಕೊರೆಯುವ ಚಳಿ, ಕಿವಿ ತುಂಬ ಫ್ಯಾನುಗಳ ಮೊರೆತ. ಫೋನಿಗೆ ಸಿಗ್ನಲ್ಲೂ ಇಲ್ಲ. ಅವಳು ಸರ್ವರಿನ ತಂತಿಗೆ ಕೈ ಹಾಕಿದಳು.

“ನನ್ನ ಕೈಲಾಗಲ್ಲ... ಕಿತ್ತಾಕ್ತೀನಿ ಇದರ ಪ್ಲಗ್ಗು!”

ಹರ್ಯೊ ಅವಳ ಕೈ ಹಿಡಿದುಕೊಂಡ. “ಬೇಡ! ಒಲೆ ಮೇಲೆ ಅನ್ನ ಬಿಟ್ಟು ಯಾರಾದ್ರೂ ಮನೆಗೆ ಬೀಗ ಹಾಕ್ತಾರಾ? ಕೈಲಿರೋದೆಲ್ಲ ಮುಗಿಸಿ, ಲೆಕ್ಕ ಬರೆದಿಟ್ಟು, ತಾನಾಗೇ ಮಲಗಬೇಕು ಅದು. ಈಗ ಕಿತ್ತರೆ ರೋಗಿಗಳ ಲೆಕ್ಕ ಕೆಡುತ್ತೆ, ಬಾಗಿಲೂ ತೆಗಿಯಲ್ಲ.”

“ಅವತ್ತೆಲ್ಲಿತ್ತು ಈ ಜೋಪಾನ? ನನ್ನ ಬೆಳಗಿನ ಔಷಧಿ ಲೆಕ್ಕ ಪೂರ್ತಿ ಅಳಿಸಿ ಹಾಕಿದ್ರಿ! ಎಲ್ಲರೆದುರು ಬೈದೆ, ಆಗಲೂ ತುಟಿ ಪಿಟಕ್ ಅನ್ಲಿಲ್ಲ!”

“ಅವತ್ತು ಸರ್ವರ್ ಆರಿಸಿದ್ದು ನಾನಲ್ಲ.”

“ಮತ್ತೆ?”

“ನಿಮ್ಮ ಔಷಧಾಲಯದ ಬು ಸುಮಿ. ಅನ್ನದ ಕುಕ್ಕರ್ ತಂದು ಸರ್ವರಿನ ಕೆಂಪು ಪ್ಲಗ್ಗಿಗೆ ಸಿಕ್ಕಿಸಿದ್ರು. ಫಟ್ ಅಂತು, ಎಲ್ಲ ಆರಿಹೋಯ್ತು. ನಿವೃತ್ತಿ ಹತ್ರ ಇತ್ತು, ಪಾಪ... ಹೇಳಿದ್ರೆ ಕೆಲಸ ಹೋಗ್ತಿತ್ತು.”

ಹೋದ ವಾರವಷ್ಟೇ ಬು ಸುಮಿ ಎಲ್ಲರನ್ನೂ ತಬ್ಬಿ ಅತ್ತು, ಪಿಂಚಣಿಯೊಂದಿಗೆ ಮನೆಗೆ ಹೋಗಿದ್ದರು. ಅಂದು ಆಡಿದ ಒಂದೊಂದು ಮಾತೂ ನೆನಪಾಗಿ ಕಿನಾಸಿಹ್ ಕಣ್ಣು ತುಂಬಿತು.

“ನನಗಾದ್ರೂ ಹೇಳ್ಬಹುದಿತ್ತಲ್ಲ...”

“ನೀವು ಮುಖ ಕೊಟ್ಟು ಮಾತಾಡಿದ್ರೆ ತಾನೆ?”

ಆಮೇಲೆ ಅವನೇ ಮೆಲ್ಲಗೆ ಹೇಳಿದ.

“ಆರಿಸೋ ಮುಂಚೆ ಎಲ್ಲರ ಪರದೆಗೂ ಎಚ್ಚರಿಕೆ ಕಳಿಸ್ತೀನಿ. ಕೆಲಸ ಮುಚ್ಚಿದ ಒಬ್ಬೊಬ್ಬರ ಹೆಸರೂ ನನ್ನ ಪರದೆಯಿಂದ ಹೋಗುತ್ತೆ, ನಿಮ್ಮದೊಂದೇ ಉಳಿಯುತ್ತೆ. ಅದೂ ಹೋಗಲಿ ಅಂತ ಕಾಯ್ತೀನಿ... ನಿಜ ಹೇಳ್ಲಾ? ಹೋಗದೇ ಇರಲಿ ಅಂತ ಕಾಯ್ತೀನಿ. ಇವತ್ತು ಹೋದಾಗ, ಇನ್ನು ಬರಲ್ಲ ಅಂತ ಗೊತ್ತಾಗಿ... ರೀಸ್ಟಾರ್ಟ್ ಗುಂಡಿ ಒತ್ತೋಕೆ ತುಂಬ ಹೊತ್ತು ಕೈಯೇ ಬರ್ಲಿಲ್ಲ.”

ಬೈಯಲು ಬಂದವಳು ಅವನ ಮುಖವನ್ನೇ ನೇರ ನೋಡಿದಳು.

ಫ್ಯಾನುಗಳ ಮೊರೆತ ನಿಂತಿತು. ಆಮೇಲೆ ಸಣ್ಣ ಗುಂಯ್ ಸದ್ದು, ಒಂದೊಂದಾಗಿ ದೀಪಗಳು. ಬೀಗದ ಮೇಲೆ ಹಸಿರು ಬಂತು. ಹೊರಗೆ ವ್ಯಾನಿನ ಹಾರ್ನ್ ಕೇಳಿಸಿತು.

ಹರ್ಯೊ ಬಾಗಿಲು ತೆರೆದು ಪಕ್ಕಕ್ಕೆ ಸರಿದ. “ಹೋಗಿ. ತಡವಾಗುತ್ತೆ.”

ಅವಳು ಹೊಸ್ತಿಲು ದಾಟಿದಳು. ಬಿದ್ದಿದ್ದ ಕುರ್ಚಿ ಎತ್ತಿ ಬಾಗಿಲಿಗೆ ಅಡ್ಡ ಇಟ್ಟಳು.

“ವ್ಯಾನಿನವನಿಗೆ ಬರಲ್ಲ ಅಂತ ಹೇಳಿ ಬರ್ತೀನಿ. ಕುರ್ಚಿ ತೆಗೀಬೇಡಿ, ಮಾಸ್.”

ದೊಡ್ಡವರಿಗೆ ಅನ್ನುವ ಪಾಕ್ ಹೋಗಿ ಮಾಸ್! ತನ್ನವನನ್ನು ಅಲ್ಲಿ ಹಾಗೇ ಕರೆಯುವುದು. ಹರ್ಯೊಗೆ ನಂಬಿಕೆಯೇ ಬರಲಿಲ್ಲ.

“ಏನಂದ್ರಿ?”

“ಕೇಳಿಸ್ತಲ್ಲ! ನನ್ನ ಹೆಸರು ವಾಪಸ್ ಬರೋವರೆಗೂ ಕಾಯಿರಿ.”