ಕಸದ ಗಾಡಿಯಲ್ಲಿ ಸಿಕ್ಕ ರೊಟ್ಟಿ

ಫೋನಿನ ನಕ್ಷೆಯ ಪ್ರಕಾರ ಸೈರಾಗುಲ್ ಅಲ್ಲೇ ನಿಂತಿದ್ದಳು. ಬಿಷ್ಕೆಕ್‌ನ ಎಂಟನೇ ಬಡಾವಣೆ, ಹದಿನೇಳನೇ ಕಟ್ಟಡ, ಎರಡನೇ ಬಾಗಿಲು. ಹಳದಿ ಚುಕ್ಕೆ ಎರಡು ತಾಸಿನಿಂದ ಅಲುಗಿರಲಿಲ್ಲ. ಜಿಪಾರಾ ಅದೇ ಬಾಗಿಲ ಮುಂದೆ ಇದ್ದಳು. ಎದುರಿಗೆ ಸೈರಾಗುಲ್ ಎಳೆಯುವ, ರಟ್ಟು ತುಂಬಿದ ಕೈಗಾಡಿ ಇತ್ತು. ಸೈರಾಗುಲ್ ಮಾತ್ರ ಇರಲಿಲ್ಲ.

ಜಿಪಾರಾ ಹೆಸರು ಹಿಡಿದು ಕೂಗಿದಳು. ಮೆಟ್ಟಿಲ ಕತ್ತಲಿನಿಂದ ತನ್ನ ದನಿಯೇ ತಿರುಗಿ ಬಂತು. ಒಬ್ಬಳೇ ಮೇಲೆ ಹತ್ತಲು ಧೈರ್ಯ ಬರಲಿಲ್ಲ. ಆಕೆ ಕಾಲಿಪಾ ಅಪಾಗೆ ಫೋನ್ ಮಾಡಿದಳು.

ಆ ಚುಕ್ಕೆಯನ್ನು ಬರೆದವಳು ಜಿಪಾರಾಳೇ. ಮನೆಗಳವರು ರಟ್ಟು, ಬಾಟಲಿ, ಹಳೆ ಪತ್ರಿಕೆ ಕೊಡಬೇಕಾದಾಗ ಕಸ ಆಯುವವರನ್ನು ಕರೆಸುವ ಆ್ಯಪ್ ಅದು. ಹಳೆಯದರಲ್ಲಿ ಒಂದು ಫೋನ್ ನಂಬರು ಬಿಟ್ಟರೆ ಏನೂ ಇರಲಿಲ್ಲ. ಸಂಜೆ ತರಗತಿಯಲ್ಲಿ ಕಲಿತದ್ದನ್ನೆಲ್ಲ ಸುರಿದು ಆಕೆ ಅದನ್ನು ಹೊಸದಾಗಿ ಮಾಡಿದ್ದಳು. ಈಗ ಮನೆಯವರು ಆಯುವವರ ಮುಖ ನೋಡಿ ಆರಿಸಬಹುದು, ಅವರು ಎಲ್ಲಿದ್ದಾರೆಂದು ನಕ್ಷೆಯಲ್ಲಿ ಕಾಣಬಹುದು. ಫೋಟೊ ತೆಗೆಯುವಾಗ ಸೈರಾಗುಲ್ ಕೇಳಿದ್ದಳು, "ಇದು ಯಾರ್ಯಾರಿಗೆ ಕಾಣುತ್ತೆ?" "ನಾಲ್ಕೇ ಫೋನಿಗೆ, ಪರೀಕ್ಷೆಗೆ ಅಷ್ಟೆ" ಎಂದಿದ್ದಳು ಜಿಪಾರಾ. ಆ ಪ್ರಶ್ನೆ ಯಾಕೆ ಬಂತೆಂದು ಆಗ ಯೋಚಿಸಲಿಲ್ಲ. ಯೋಚಿಸಬೇಕಿತ್ತು. ವಸಂತದಲ್ಲಿ ಮುರಿದ ಮಣಿಕಟ್ಟು ಹಿಡಿದುಕೊಂಡು ನಾರಿನ್‌ನಿಂದ, ಗಂಡನ ಮನೆಯಿಂದ, ಓಡಿಬಂದವಳು ಸೈರಾಗುಲ್. ಅದು ಆಯ್ದ ಕಸವನ್ನು ತಂದು ವಿಂಗಡಿಸುವ ಅಂಗಳದವರಿಗೆಲ್ಲ ಗೊತ್ತಿತ್ತು, ಹೊರಗಿನವರಿಗೆ ಗೊತ್ತಿರಲಿಲ್ಲ.

ಕಾಲಿಪಾ ಅಪಾ ಬಂದದ್ದು ಏಪ್ರನ್ ಮೇಲೆ ಕೋಟು ಹಾಕಿಕೊಂಡು. ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸಿ, ನಿವೃತ್ತಿಯಾದ ಮೇಲೆ ಅಂಗಳದಲ್ಲಿ ಕಸ ವಿಂಗಡಿಸುತ್ತಿದ್ದ, ಎಲ್ಲರೂ 'ಅಪಾ', ಅಮ್ಮ, ಎಂದು ಕರೆಯುವ ಮುದುಕಿ. ಒಣಗಲು ಹಾಕಿದ ಕಂಬಳಿ ಕದ್ದವರು ಯಾರು, ಹೆಸರಿಲ್ಲದ ಪತ್ರ ಬರೆದವರು ಯಾರು ಎಂದು ಬಡಾವಣೆಯವರು ಕೇಳುತ್ತಿದ್ದುದು ಆಕೆಯನ್ನೇ.

"ಅಳಬೇಡ, ಕನ್ನಡಕ ಮಂಜಾಗುತ್ತೆ. ಗಾಡಿ ಮುಟ್ಟಿದೀಯಾ?"

"ಇಲ್ಲ ಅಪಾ."

"ಒಳ್ಳೇದು. ಕರೆ ಯಾವ ಮನೆಯಿಂದ ಬಂದಿತ್ತು?"

"ಹದಿನಾಲ್ಕನೇ ಮನೆ, ನಾಲ್ಕನೇ ಮಹಡಿ. ಹನ್ನೊಂದೂ ನಲವತ್ತಕ್ಕೆ. ಖಾತೆ ಇವತ್ತೇ ತೆಗೆದದ್ದು, ಹೆಸರು ಸುಳ್ಳು ಇರಬೇಕು. ಸೈರಾಗುಲ್‌ಳ ಮುಖವನ್ನೇ ಒತ್ತಿ ಕರೆದಿದ್ದಾರೆ."

"ಮುಖ ಒತ್ತೋಕೆ ಎಲ್ಲರಿಗೂ ಆಗುತ್ತಾ?"

"ಇನ್ನೂ ಇಲ್ಲ. ನಾಲ್ಕು ಫೋನಿಗೆ ಮಾತ್ರ, ಯಾವುದರಿಂದ ಕರೆದರು ಅಂತ ದಾಖಲಾಗಲ್ಲ. ನನ್ನದು, ಕರೆ ಹಂಚೋ ಮೈರಾಮ್ ಎಜೆದು, ಲಾರಿ ಓಡಿಸೋ ತೊಲೊಗೊನ್ ಬಾಯ್ಕೆದು, ಈ ಕಟ್ಟಡದ ಉಸ್ತುವಾರಿ ರಾಯಿಸಾ ಪೆತ್ರೊವ್ನಾದು."

ಹೇಳುತ್ತಿದ್ದಂತೆ ಜಿಪಾರಾಗೆ ಹೊಳೆಯಿತು. ನಾಲ್ವರಲ್ಲಿ ಒಬ್ಬರು. 'ಬಾಯ್ಕೆ', ಅಣ್ಣ, ಎಂದು ತಾನು ಕರೆಯುವ ತೊಲೊಗೊನ್ ಕೂಡ ನಾರಿನ್‌ನವನೇ.

ಕಾಲಿಪಾ ಗಾಡಿಯ ರಟ್ಟುಗಳನ್ನು ಒಂದೊಂದಾಗಿ ಎತ್ತಿದಳು. ತಳದಲ್ಲಿ ಸೈರಾಗುಲ್‌ಳ ತಲೆವಸ್ತ್ರ ನಾಲ್ಕು ಮಡಿಕೆಯಾಗಿ ಕೂತಿತ್ತು. ಬಿಚ್ಚಿದರೆ ಒಳಗೆ ಅವಳ ಫೋನು, ಜೊತೆಗೆ ಒಂದು ಚೂರು ಒಣ ರೊಟ್ಟಿ. ಮುದುಕಿ ರೊಟ್ಟಿಯನ್ನು ಹಣೆಗೆ ಮುಟ್ಟಿಸಿ ಜೇಬಿಗೆ ಹಾಕಿಕೊಂಡಳು. ಅವಳ ಮುಖ ಸ್ವಲ್ಪ ಸಡಿಲವಾದಂತೆ ಕಂಡಿತು. ಯಾಕೆಂದು ತಿಳಿಯದ ಜಿಪಾರಾಗೆ ಅದು ಇನ್ನಷ್ಟು ಭಯ ಹುಟ್ಟಿಸಿತು.

ಇಬ್ಬರೂ ಮೇಲೆ ಹತ್ತಿದರು. ಹದಿನಾಲ್ಕನೇ ಮನೆಗೆ ಬೀಗ, ಬೀಗದ ಮೇಲೆ ಧೂಳು. ಬಾಗಿಲ ಮುಂದೆ ಎರಡು ಚೀಲ. ಒಂದರಲ್ಲಿ ಹಳೆ ಕಾಗದ. ಇನ್ನೊಂದರಲ್ಲಿ ಪ್ಲಾಸ್ಟಿಕ್ ಬಾಟಲಿ, ಎಲ್ಲವೂ ಮುಚ್ಚಳ ತೆಗೆದು ತುಳಿದು ಚಪ್ಪಟೆ ಮಾಡಿದವು. ಬಾಗಿಲ ಹಿಡಿಕೆಗೆ ಇನ್ನೊಂದು ಸಣ್ಣ ಚೀಲ ನೇತುಹಾಕಿತ್ತು, ಒಳಗೆ ಒಣ ರೊಟ್ಟಿ. ರೊಟ್ಟಿಯನ್ನು ಯಾರೂ ಕಸದ ಜೊತೆ ನೆಲಕ್ಕಿಡುವುದಿಲ್ಲವಲ್ಲ. ಪ್ರತಿ ತೊಟ್ಟಿಯ ಪಕ್ಕದಲ್ಲೂ ಹೀಗೇ ನೇತಾಡುತ್ತದೆ, ಕುರಿ ಸಾಕಿದವರು ಒಯ್ಯುತ್ತಾರೆ. ಜಿಪಾರಾಗೆ ಅದರಲ್ಲಿ ವಿಶೇಷ ಕಾಣಲಿಲ್ಲ.

"ಚೂರುಗಳನ್ನ ಸರಿಯಾಗಿ ನೋಡು" ಎಂದಳು ಕಾಲಿಪಾ.

ದುಂಡು ರೊಟ್ಟಿಯ ನಡುಭಾಗಗಳು. ಒಲೆಗೆ ಹಾಕುವ ಮುನ್ನ ಮೊಳೆಯಚ್ಚು ಒತ್ತುತ್ತಾರಲ್ಲ, ಆ ತೆಳ್ಳನೆಯ ಗಟ್ಟಿ ಜಾಗ. ಎಲ್ಲದರ ಮೇಲೂ ನಕ್ಷತ್ರದ ಗುರುತು, ಎಲ್ಲದರಲ್ಲೂ ಒಂದು ಮೂಲೆ ಮುಕ್ಕು.

"ಇದು ನಮ್ಮ ಅಂಗಳದ ಗೇಟಿನ ಹತ್ತಿರದ ಒಲೆಯದು. ಆ ರೊಟ್ಟಿಯವನ ಅಚ್ಚಿನ ಮೊಳೆ ಮುರಿದು ತಿಂಗಳಾಯ್ತು" ಎಂದಳು ಜಿಪಾರಾ.

"ಇನ್ನೇನು ಕಾಣುತ್ತೆ?"

"ಇನ್ನೇನೂ ಇಲ್ಲ ಅಪಾ."

"ಏನಿಲ್ಲವೋ ಅದೇ ನೋಡು. ಮೆತ್ತನೆಯ ಅಂಚು ಒಂದೂ ಇಲ್ಲ."

ಐದನೇ ಮಹಡಿಗೆ ಹೋಗುವ ಮೆಟ್ಟಿಲ ಮೇಲೆ ಸೂರ್ಯಕಾಂತಿ ಬೀಜದ ಸಿಪ್ಪೆ ಗುಡ್ಡೆಯಾಗಿತ್ತು. ಇನ್ನೂ ಒದ್ದೆ. ಯಾರೋ ಅಲ್ಲಿ ಬಹಳ ಹೊತ್ತು ಕೂತು, ಕೆಳಗಿನ ಹದಿನಾಲ್ಕನೇ ಮನೆಯ ಬಾಗಿಲನ್ನು ಸೈರಾಗುಲ್ ತಟ್ಟುವುದಕ್ಕೆ ಕಾದಿದ್ದರು.

ನೆಲಮಹಡಿಯಲ್ಲಿ ರಾಯಿಸಾ ಪೆತ್ರೊವ್ನಾ ಬಾಗಿಲನ್ನು ಸರಪಳಿ ಬಿಡುವಷ್ಟೇ ತೆರೆದಳು. ಒಬ್ಬಳೇ ಇರುವ ಹೆಂಗಸು. ಒಂದು ಕೈಯಲ್ಲಿ ಲೋಹದ ಹಿಡಿಯ ಚಹಾ ಗ್ಲಾಸು, ಇನ್ನೊಂದರಲ್ಲಿ ಕಿರ್ಗಿಜರು ಕುಡಿಯುವ ಹಿಡಿಯಿಲ್ಲದ ಬಟ್ಟಲು.

"ನಾನು ಏನೂ ನೋಡಿಲ್ಲ, ಯಾರೂ ಬಂದಿಲ್ಲ. ಆ ಮನೆ ಚಳಿಗಾಲದಿಂದ ಖಾಲಿ. ಹೋಗಿ ಹೋಗಿ, ಗಾಳಿ ಬರ್ತಿದೆ."

"ಚಹಾ ಆರುತ್ತೆ, ಕುಡೀರಿ. ಬಾಗಿಲು ಮಾತ್ರ ಯಾರಿಗೂ ತೆಗೀಬೇಡಿ" ಎಂದಳು ಕಾಲಿಪಾ. ಬಾಗಿಲು ಮುಚ್ಚಿತು.

"ಅವಳು ಸುಳ್ಳು ಹೇಳ್ತಿದಾಳೆ" ಎಂದು ಪಿಸುಗುಟ್ಟಿದಳು ಜಿಪಾರಾ.

"ಹೌದು. ಚೆನ್ನಾಗಿ ಹೇಳೋಕೆ ಬರಲ್ಲ, ಪಾಪ."

ಅಂಗಳದ ಗುಡಿಸಲಿನಲ್ಲಿ ಮಧ್ಯಾಹ್ನದ ಚಹಾ ನಡೆದಿತ್ತು. ಮೈರಾಮ್ ಎಜೆ ಎದ್ದು ಬಂದು ಜಿಪಾರಾಳನ್ನು ತಬ್ಬಿಕೊಂಡಳು. ಐವತ್ತರ ದಪ್ಪನೆಯ ಹೆಂಗಸು, ಎಲ್ಲರಿಗೂ 'ಎಜೆ', ಅಕ್ಕ, ಎಲ್ಲರ ಮಕ್ಕಳ ಹುಟ್ಟುಹಬ್ಬ ನೆನಪಿಟ್ಟುಕೊಂಡವಳು. ಬಾಯಿಯಿಂದ ಲವಂಗದ ವಾಸನೆ ಬರುತ್ತಿತ್ತು.

"ಕೂತ್ಕೊ ಮಗಳೇ, ಬಣ್ಣವೇ ಇಲ್ಲ ಮುಖದಲ್ಲಿ. ಸಿಗ್ತಾಳೆ, ಎಲ್ಲಿಗೆ ಹೋಗ್ತಾಳೆ?" ಎಂದು ರೊಟ್ಟಿಯ ಅಂಚು ಮುರಿದು ಚಹಾದಲ್ಲಿ ಅದ್ದಿದಳು.

ತೊಲೊಗೊನ್ ಮೂಲೆಯಲ್ಲಿ ಕುರುತ್ ಕಡಿಯುತ್ತಿದ್ದ. ಒಣಮೊಸರಿನ ಆ ಗಟ್ಟಿ ಉಂಡೆ ಅವನ ಚಿನ್ನದ ಹಲ್ಲಿನ ನಡುವೆ ಕಲ್ಲಿನಂತೆ ಸಿಡಿಯುತ್ತಿತ್ತು. ಪ್ರತಿ ಸದ್ದಿಗೂ ಜಿಪಾರಾ ಬೆಚ್ಚಿದಳು.

"ಏನು ನನ್ನನ್ನೇ ನುಂಗೋ ಹಾಗೆ ನೋಡ್ತೀಯ?" ಎಂದ ಅವನು.

"ನೀವೂ ನಾರಿನ್‌ನವರಲ್ವಾ ಬಾಯ್ಕೆ."

"ನಾರಿನ್‌ನಲ್ಲಿ ಕುದುರೆಗಳೂ ಇವೆ. ಅವುಗಳನ್ನೂ ಕೇಳು."

ಕಾಲಿಪಾ ಬೀಟ್ ಪೊಲೀಸ್ ಏಸೆನ್‌ನನ್ನು ಕರೆಸಿ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂರಿಸಿದಳು. "ಗಂಡ ಕರ್ಕೊಂಡು ಹೋಗಿರ್ತಾನೆ ಅಪಾ, ಮನೆ ವಿಷಯ" ಎಂದು ಆತ ಶುರುಮಾಡಿದ.

"ನೀನು ಸುಮ್ಮನೆ ಕೇಳು. ಕೆಲಸ ಆಮೇಲೆ ಕೊಡ್ತೀನಿ." ಆಕೆ ವಿಂಗಡಣೆಯ ಮೇಜಿನ ಮೇಲೆ ಒಂದು ಚಪ್ಪಟೆ ಬಾಟಲಿ ಇಟ್ಟಳು. "ಖಾಲಿ ಮನೆ ಮುಂದೆ ಚೀಲ ಇಟ್ಟವರು ಇದನ್ನ ತಂದಿದ್ರು. ಮುಚ್ಚಳ ಬೇರೆ, ಬಾಟಲಿ ಚಪ್ಪಟೆ. ಹತ್ತು ವರ್ಷದಿಂದ ಮನೆಮನೆಗೆ ಹೇಳ್ತಿದೀವಿ, ಒಬ್ಬರೂ ಹೀಗೆ ಕೊಟ್ಟಿಲ್ಲ. ರಾಯಿಸಾ ಪೆತ್ರೊವ್ನಾ ಕೂಡ ಕೊಡಲ್ಲ. ಇದು ಅಂಗಳದವರ ಕಾಲಿನ ಅಭ್ಯಾಸ. ಅಂದ್ರೆ ನಾಲ್ಕು ಫೋನಿನಲ್ಲಿ ಉಳಿದದ್ದು ಮೂರು."

ಜಿಪಾರಾ ತನ್ನ ಕೈಗಳನ್ನು ಮೇಜಿನ ಕೆಳಗೆ ಅಡಗಿಸಿಕೊಂಡಳು. ಮೂರರಲ್ಲಿ ತಾನೂ ಒಬ್ಬಳು.

"ತಂದವರ ಚೀಲದಲ್ಲಿ ತಮ್ಮದೇ ಒಣ ರೊಟ್ಟಿ ಇತ್ತು. ಮೋಸ ಮಾಡೋಕೆ ಹೋದವರಿಗೂ ಅದನ್ನ ಜನ ಓಡಾಡೋ ನೆಲದ ಮೇಲೆ ಇಡೋಕೆ ಮನಸ್ಸು ಬರಲಿಲ್ಲ. ಹಿಡಿಕೆಗೆ ನೇತುಹಾಕಿದ್ರು. ಅಮ್ಮ ಕಲಿಸಿದ್ದು ಕೈಗೆ ಗೊತ್ತಿರುತ್ತೆ." ಕಾಲಿಪಾ ಚೂರುಗಳನ್ನು ಬಿಳಿ ಬಟ್ಟೆಯ ಮೇಲೆ ಸುರಿದಳು. "ಎಲ್ಲಾ ಗಟ್ಟಿ ನಡುಭಾಗ. ಮೆತ್ತನೆ ಅಂಚು ತಿಂದು, ಇದನ್ನ ಕಡಿಯೋಕಾಗದೆ ಬಿಟ್ಟಿದಾರೆ. ಜಿಪಾರಾ ರೊಟ್ಟಿ ಪೂರ್ತಿ ತಿಂತಾಳೆ. ತೊಲೊಗೊನ್ ಕುರುತ್ತನ್ನೇ ಪುಡಿ ಮಾಡ್ತಾನೆ. ಹಲ್ಲಿಗೆ ಲವಂಗ ಇಟ್ಕೊಂಡು, ಅಂಚನ್ನ ಚಹಾದಲ್ಲಿ ಅದ್ದಿ ತಿನ್ನೋರು ಯಾರು ಮೈರಾಮ್?"

ಮೈರಾಮ್ ಎಜೆಯ ಬಟ್ಟಲ ಪಕ್ಕದಲ್ಲಿ, ಎಲ್ಲರ ಕಣ್ಣೆದುರೇ, ನಕ್ಷತ್ರ ಒತ್ತಿದ ರೊಟ್ಟಿಯ ನಡುಭಾಗ ಒಂಟಿಯಾಗಿ ಬಿದ್ದಿತ್ತು.

ಆಕೆ ಅಳಲಿಲ್ಲ. "ಅವಳ ಗಂಡ ನನ್ನ ಮುಂದೆ ಮಂಡಿ ಊರಿ ಅತ್ತ ಅಪಾ" ಎಂದಳು, ಯಾರಿಗೋ ಬುದ್ಧಿ ಹೇಳುವ ದನಿಯಲ್ಲಿ. "ಹೊಡೆದದ್ದು ತಪ್ಪಾಯ್ತು ಅಂದ. ಸಂಸಾರ ಅಂದ್ಮೇಲೆ ಸಹಿಸ್ಕೋಬೇಕು, ನಾನು ಸಹಿಸಿಲ್ವಾ? ಒಂದು ಮಾತಾಡಿಸಿಬಿಟ್ರೆ ಸರಿಹೋಗುತ್ತೆ ಅನ್ಕೊಂಡೆ. ಆದ್ರೆ ಅವಳು ಮೇಲೆ ಬರಲೇ ಇಲ್ವಂತೆ. ಎಲ್ಲಿದಾಳೋ ನನಗೂ ಗೊತ್ತಿಲ್ಲ, ಆಣೆ."

ಜಿಪಾರಾ ಮೈರಾಮ್ ಎಜೆಯ ಕೈಗಳನ್ನು ನೋಡಿದಳು. ತನ್ನನ್ನು ಈಗಷ್ಟೇ ತಬ್ಬಿಕೊಂಡ ತೋಳುಗಳವು.

"ಮೇಲೆ ಬಂದಿದ್ಲು" ಎಂದಳು ಕಾಲಿಪಾ. "ದಿನಾ ನಿನ್ನ ಪಕ್ಕ ಕೂತು ಚಹಾ ಕುಡಿದವಳು. ಅಪರಿಚಿತರ ಬಾಗಿಲಲ್ಲಿ ನಿನ್ನ ರೊಟ್ಟಿ ಕಂಡಳು, ತಟ್ಟಲಿಲ್ಲ. ಒಂದು ಚೂರು ತಗೊಂಡು ಬರಿಗಾಲಲ್ಲಿ ಬಂದ ಹಾಗೆ ಮೆತ್ತಗೆ ಇಳಿದಳು. ಗಾಡಿ ಎಳೆದರೆ ಚಕ್ರದ ಸದ್ದು ಮೇಲೆ ಕೂತವನಿಗೆ ಕೇಳ್ತಿತ್ತು. ಫೋನ್ ಒಯ್ದರೆ ಚುಕ್ಕೆ ನಿನಗೆ ಕಾಣ್ತಿತ್ತು. ಎರಡನ್ನೂ ಬಿಟ್ಟಳು. ಎಳ್ಕೊಂಡು ಹೋಗೋವರು ಫೋನನ್ನ ನಾಲ್ಕು ಮಡಿಕೆಯಲ್ಲಿ ಸುತ್ತಿಡೋಕೆ ಬಿಡ್ತಾರಾ? ಇನ್ನು ಕಸದ ಗಾಡಿಯಲ್ಲಿ ರೊಟ್ಟಿ. ನಮ್ಮಲ್ಲಿ ಯಾರೂ ಹಾಕಲ್ಲ. ಹಾಕಿದಾಳೆ ಅಂದ್ರೆ ಅದು ನನಗೆ ಬರೆದ ಪತ್ರ. ಕೆಳಗೆ ರುಜು ಇರಲಿಲ್ಲ ಅಷ್ಟೆ."

"ಹಾಗಾದ್ರೆ ಎಲ್ಲಿದಾಳೆ?" ಎಂದ ತೊಲೊಗೊನ್.

"ಒಂಟಿ ಹೆಂಗಸು ಎರಡು ಪಾತ್ರೆಯಲ್ಲಿ ಚಹಾ ಹಿಡ್ಕೊಂಡು ಬಾಗಿಲು ತೆಗೆದ ಮನೆಯಲ್ಲಿ. ಏಸೆನ್, ಈಗ ನಿನ್ನ ಕೆಲಸ. ಗಂಡ ಎಲ್ಲಿ ಕಾಯ್ತಿದಾನೆ ಅಂತ ಮೈರಾಮ್ ಫೋನಿನಲ್ಲಿರುತ್ತೆ. ಮನೆ ವಿಷಯ ಅಂತ ಇನ್ನೊಂದು ಸಲ ಅಂದ್ರೆ ನಿಮ್ಮಮ್ಮನಿಗೆ ಹೇಳ್ತೀನಿ."

ಏಸೆನ್ ಟೋಪಿ ಸರಿಮಾಡಿಕೊಂಡು ಎದ್ದ. ಒಂದು ಗಂಟೆಯೊಳಗೆ ಪಶ್ಚಿಮ ಬಸ್ ನಿಲ್ದಾಣದಲ್ಲಿ ಆ ಮನುಷ್ಯ ಸಿಕ್ಕಿದ. ಹತ್ತಿರ ಬರಬಾರದೆಂಬ ರಕ್ಷಣಾ ಆದೇಶವನ್ನೂ ಬರೆದರು. ಮೂವತ್ತು ದಿನ ಅಂತ ಅದರಲ್ಲಿತ್ತು. ಜಿಪಾರಾ ಆ ಸಾಲನ್ನು ಮೂರು ಸಲ ಓದಿದಳು. ಮೂವತ್ತೊಂದನೇ ದಿನದ ಬಗ್ಗೆ ಏನೂ ಇರಲಿಲ್ಲ.

ರಾಯಿಸಾ ಪೆತ್ರೊವ್ನಾಳ ಅಡುಗೆಮನೆಯಲ್ಲಿ ಸೈರಾಗುಲ್ ಕಿಟಕಿಗೆ ಬೆನ್ನು ಹಾಕಿ ಕೂತಿದ್ದಳು. ಜಿಪಾರಾ ಫೋನನ್ನು ಮೇಜಿನ ಮೇಲಿಟ್ಟಳು.

ಸೈರಾಗುಲ್ ಫೋನನ್ನು ಮುಟ್ಟಲಿಲ್ಲ. "ಕರೆಯೋರಿಗೆ ನಾನು ಕಾಣ್ತೀನಿ. ನನಗೆ ಅವರ್ಯಾರೂ ಕಾಣಲ್ಲ" ಎಂದಳು. "ನೀನು ಬರೆಯುವಾಗ ಇದು ಹೊಳೀಲಿಲ್ವಾ?"

"ಇಲ್ಲ" ಎಂದಳು ಜಿಪಾರಾ.

ಆ ವಾರವಿಡೀ ಆಕೆ ಎಲ್ಲವನ್ನೂ ತಿರುಗಿಸಿ ಬರೆದಳು. ಮುಖ ತೆಗೆದಳು, ಚುಕ್ಕೆ ತೆಗೆದಳು. ಕರೆಯುವ ಮನೆಯ ಖಾತೆ ಎಷ್ಟು ಹಳೆಯದು, ಯಾರು ಈ ಹಿಂದೆ ಅಲ್ಲಿಗೆ ಹೋಗಿ ಬಂದಿದ್ದಾರೆ ಎಂಬುದು ಆಯುವವರಿಗೆ ಕಾಣುವಂತೆ ಮಾಡಿದಳು. ಕೊನೆಗೆ 'ಬೇಡ' ಎಂಬ ದೊಡ್ಡ ಗುಂಡಿ ಇಟ್ಟಳು. ಅದರ ಕೆಳಗೆ 'ಕಾರಣ ಬರೆಯಿರಿ' ಎಂಬ ಸಾಲನ್ನು ಹಾಕಿ, ಬಹಳ ಹೊತ್ತು ನೋಡಿ, ಅಳಿಸಿದಳು.

ಮೂವತ್ತೊಂದನೇ ದಿನ ಬೆಳಿಗ್ಗೆ ಸೈರಾಗುಲ್‌ಳ ಫೋನಿಗೆ ಒಂದು ಕರೆ ಬಂತು. ಹೊಸ ಖಾತೆ, ಯಾರೂ ಹೋಗಿರದ ಮನೆ. ವಿಂಗಡಣೆಯ ಮೇಜಿನ ಆಚೆಯಿಂದ ಜಿಪಾರಾ ನೋಡಿದಳು. ಸೈರಾಗುಲ್ 'ಬೇಡ' ಗುಂಡಿಯನ್ನು ಒತ್ತಿದಳು, ಫೋನು ಕಾರಣ ಏನಾದರೂ ಕೇಳುತ್ತದೆಯೇ ಎಂದು ಕಾದಳು. ಅದು ಏನೂ ಕೇಳಲಿಲ್ಲ. ಅವಳು ಅದನ್ನು ಜೇಬಿಗೆ ಹಾಕಿಕೊಂಡು, ಕೈಗಾಡಿಯನ್ನು ಬೇರೆ ದಾರಿಗೆ ತಿರುಗಿಸಿದಳು.